ಅಕ್ಕೋರ ಮನೆಯ ಔಷಧ

ಎಕ್ಕೆ ಎಲೆಗೆ ಔಡಲೆಣ್ಣೆ ಸವರಿ ಕಾದ ಹಂಚಿನ ಮೇಲೆ ಹಾಕಿದಾಗ ಏಳುವ ವಾಸನೆ ಅನಸೂಯಾಬಾಯಿಗೆ ಚಿಕ್ಕಂದಿನಿಂದ ಗೊತ್ತು. ಶಿರೋಳದಲ್ಲಿ ಅವರ ಅಜ್ಜಿಗೆ ಲೋಕದ ಎಲ್ಲ ಕಾಯಿಲೆಗೂ ಅದೊಂದೇ ಮದ್ದು. ಮರದಿಂದ ಬಿದ್ದರೆ ಎಕ್ಕೆ ಎಲೆ, ಕುತ್ತಿಗೆ ಹಿಡಿದರೆ ಎಕ್ಕೆ ಎಲೆ. ಅನಸೂಯಾಬಾಯಿಯ ತಮ್ಮ ಗಣಿತದಲ್ಲಿ ನಪಾಸಾದಾಗ ಮುದುಕಿ ಅವನ ತಲೆಗೂ ಒಂದು ಎಲೆ ಕಟ್ಟಿ ಮಲಗಿಸಿದ್ದಳು. ಅರ್ಧ ಹಸಿ, ಅರ್ಧ ಸುಟ್ಟ ಆ ಕಮಟು ವಾಸನೆ ಬಂತೆಂದರೆ ಮನೆಯಲ್ಲಿ ಯಾರಿಗೋ ನೋವಾಗಿದೆ, ಮತ್ತು ಅವರು ಅದನ್ನು ಒಪ್ಪಿಕೊಳ್ಳುತ್ತಿಲ್ಲ ಎಂದೇ ಅರ್ಥವಾಗಿತ್ತು.

ಇಷ್ಟು ವರ್ಷದ ಮೇಲೆ ಆ ವಾಸನೆ ಗಜೇಂದ್ರಗಡದ ಅವರ ಓಣಿಯಲ್ಲಿ, ಪಕ್ಕದ ಮೋದಿನಸಾಬನ ಮನೆಯ ಗೋಡೆ ಹಾರಿ ಬಂತು. ಮೋದಿನಸಾಬ ಗಾದಿ ಮಾಡುವವನು. ಅರಳೆ ಹಿಂಜುವುದು, ತುಂಬುವುದು, ಹೊಲಿಯುವುದು ಅವನ ಕಸುಬು. ಅವನ ಮಗ ಜಾವೀದ ಗೋವಾದ ಒಂದು ಕ್ಲಬ್ಬಿಗೆ ಫುಟ್‌ಬಾಲ್ ಆಡುತ್ತಿದ್ದ. ಸುಮ್ಮನೆ ಆಡುವುದಲ್ಲ, ಪಗಾರ ತೆಗೆದುಕೊಂಡು ಆಡುವುದು. ಬರುವ ಭಾನುವಾರ ಲೀಗಿನ ಫೈನಲ್. ನಡುವೆ ಸಿಕ್ಕ ಬಿಡುವಿನಲ್ಲಿ ಮನೆಗೆ ಬಂದಿದ್ದ. ‘ಕಾಲು ಸ್ವಲ್ಪ ಉಳುಕೈತಿ’ ಎಂದು ಓಣಿಗೆಲ್ಲ ಹೇಳಿದ್ದ.

ವಾಸನೆ ಹಿಡಿದ ಅನಸೂಯಾಬಾಯಿಗೆ ಆ ‘ಸ್ವಲ್ಪ’ದ ಮೇಲೆ ಅನುಮಾನ ಬಂತು. ಅವರು ಬಿ.ಎಸ್ಸಿ. ಓದಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಓಣಿಗೆಲ್ಲ ಅವರು ಅಕ್ಕೋರು.

ಮರುದಿನ ಬೆಳಿಗ್ಗೆ ಜಾವೀದ ಬಾಗಿಲಿಗೆ ಬಂದ.

“ಅಕ್ಕೋರ, ಪೇಪರ್ ಬಂತೇನ್ರಿ?”

“ಬಂದದ. ಆದ್ರ ಸಾಲ್ಯಾಗಿದ್ದಾಗ ಪಾಠದ ಪುಸ್ತಕಾನೂ ಓದಲಿಲ್ಲ ನೀನು. ಈಗೇನು ಹೊಸದಾಗಿ ಪೇಪರ್?”

ಹುಡುಗನ ಹಣೆಯಲ್ಲಿ ಬೆವರು. ಆಚೀಚೆ ನೋಡಿ ದನಿ ತಗ್ಗಿಸಿದ. “ಪೇಪರ್ ಅಲ್ರಿ. ನಿಮ್ಮ ಸಿಂಹಾಸನ.”

ಸಿಂಹಾಸನವೆಂದರೆ ಅಕ್ಕೋರ ಮನೆಯ ಕಮೋಡು. ಇಡೀ ಓಣಿಗೆ ಅದೊಂದೇ. ಅಕ್ಕೋರ ಮೊಣಕಾಲು ಕೈಕೊಟ್ಟಾಗ ಸೊಸೆ ಮಯೂರಿ, ರೋಣದ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಹಟ ಹಿಡಿದು ಹಾಕಿಸಿದ್ದಳು. ಅದು ಟಂಟಂ ಗಾಡಿಯಲ್ಲಿ ಬಂದು ಇಳಿದ ದಿನ ಖಾನಾವಳಿ ರಾಘಣ್ಣ ನಡುಬೀದಿಯಲ್ಲಿ ಕೈಮುಗಿದು, “ಕುರ್ಚಿ ಮ್ಯಾಲೆ ಕುಂತು ಏನೂ ಮಾಡದವರನ್ನ ಕಚೇರ್ಯಾಗ ನೋಡೀನಿ. ಕುರ್ಚಿ ಮ್ಯಾಲೆ ಕುಂತು ಇದನ್ನ ಮಾಡೋರನ್ನ ಈಗ ನೋಡಾಕತ್ತೀನಿ” ಎಂದಿದ್ದ. ಸಿಂಹಾಸನ ಅನ್ನುವ ಹೆಸರಿಟ್ಟವನೂ ಅವನೇ.

ಅಕ್ಕೋರು ಹೆಚ್ಚು ಕೇಳಲಿಲ್ಲ. ಒಂದು ಬಕೀಟು ಬಿಸಿನೀರು ಇಟ್ಟರು. ಹುಡುಗನಿಗೆ ಸಂಕೋಚ ಆಗದಿರಲಿ ಎಂದು ರೇಡಿಯೋ ಜೋರಾಗಿ ಹಚ್ಚಿ, ಹಿತ್ತಲಿಗೆ ಬೆನ್ನುಮಾಡಿ ಕೂತು ಅವರೆಕಾಯಿ ಸುಲಿದರು. ರೇಡಿಯೋದಲ್ಲಿ ಯಾರೋ ಮೆಣಸಿನಕಾಯಿ ಬೆಳೆಗೆ ಬೀಳುವ ರೋಗದ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದರು.

ಹೊರಗೆ ಬಂದ ಜಾವೀದ ಚಹಾ ಕುಡಿಯುತ್ತ ಖರೇ ಹೇಳಿದ. ಬಲಗಾಲಿನ ಮೊಣಕಾಲಿನ ಒಳಗೆ ನಾರು ಹರಿಯುವ ಹಂತಕ್ಕೆ ಬಂದಿದೆ. ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ನೆಟ್ಟಗೆ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ನೆಲಕ್ಕೆ ಕೂರಲು ಹೋದರೆ ಮಾತ್ರ ಸತ್ತು ಹುಟ್ಟಬೇಕು.

“ಕ್ಲಬ್ಬಿನ ಡಾಕ್ಟರ್ ಏನಂದ್ರು?”

“ಊರಿಗೆ ಹೋಗಿ ರೆಸ್ಟ್ ಮಾಡು, ನೋವು ಕಡಿಮಿ ಆಗಲಿಲ್ಲಂದ್ರ ಆಡಬ್ಯಾಡ, ಫೋನ್ ಮಾಡು ಅಂದಾರ್ರಿ. ಕೋಚ್ ಏನಂದ್ರು ಅಂದ್ರ, ಮೊಣಕಾಲು ನಿಂದು, ನಿರ್ಧಾರ ನಿಂದು. ಬೇಕಾದ್ರ ಒಂದು ಇಂಜೆಕ್ಷನ್ ಮಾಡ್ಸೋಣು ಅಂದ್ರು.”

“ಅವರ ಮೊಣಕಾಲು ಆಗಿದ್ರ ಹಂಗ ಅಂತಿದ್ರೇನು?”

ಜಾವೀದ ಬಸಿಯಲ್ಲಿ ಉಳಿದ ಚಹಾ ನೋಡಿದ. “ಈ ವರ್ಷಕ್ಕ ನನ್ನ ಕರಾರು ಮುಗೀತೈತ್ರಿ. ಫೈನಲ್ ನೋಡಾಕ ದೊಡ್ಡ ಕ್ಲಬ್ಬಿನವರು ಬರ್ತಾರ. ಅವತ್ತ ಆಡಲಿಲ್ಲಂದ್ರ ನಾ ಮತ್ತ ಅಪ್ಪನ ಜೋಡಿ ಗಾದಿ ಹೊಲಿಯೋದ. ಒಂದೂವರಿ ತಾಸಿನ ಮಾತು ಅಕ್ಕೋರ.”

“ಒಂದೂವರಿ ತಾಸು ಆದಮ್ಯಾಲೂ ಕಾಲು ಬೇಕಾಗ್ತದಲ್ಲೋ, ತಮ್ಮಾ.”

“ಯಾರಿಗೂ ಹೇಳಬ್ಯಾಡ್ರಿ. ಅಪ್ಪಗಂತೂ ಬ್ಯಾಡ್ರಿ.”

ಅಕ್ಕೋರು ಮಾತು ಕೊಟ್ಟರು. ಕೊಟ್ಟ ತಕ್ಷಣವೇ ತಪ್ಪು ಮಾಡಿದೆ ಅನಿಸಿತು. ಆದರೆ ಮಾತು ಮಾತೇ.

ಇತ್ತ ಓಣಿಯಲ್ಲಿ ಫೈನಲ್‌ನ ತಯಾರಿ ಜೋರಾಗಿತ್ತು. ರಾಘಣ್ಣನ ಖಾನಾವಳಿ ಮುಂದೆ ದೊಡ್ಡ ಪರದೆ ಕಟ್ಟಿ ಪಂದ್ಯ ತೋರಿಸುವುದೆಂದು ತೀರ್ಮಾನವಾಗಿತ್ತು. ಪರದೆಗೆ ಬಟ್ಟೆ ಮೋದಿನಸಾಬನದು. ಬ್ಯಾನರಿನಲ್ಲಿ ಜಾವೀದನ ಪಕ್ಕದಲ್ಲಿ ಹುಲಿ. ಹುಲಿಗಿಂತ ತುಸು ದೊಡ್ಡದಾಗಿ ರಾಘಣ್ಣನ ಭಾವಚಿತ್ರ.

ಉಳುಕಿದ ಕಾಲನ್ನು ಮಾತಾಡಿಸಲು ಬಂದವರೆಲ್ಲ ಕೈಯಲ್ಲಿ ಒಂದು ಬ್ರೆಡ್ ಪುಡಿಕೆ, ಬಾಯಲ್ಲಿ ತಮ್ಮ ಶೌರ್ಯದ ಕಥೆ ತಂದರು. “ಕಾದ ಎಣ್ಣಿ ಈ ಕೈ ಮ್ಯಾಲೆ ಬಿತ್ತು. ಮಿರ್ಚಿ ಬಿಡೋದು ನಿಲ್ಲಿಸಿದ್ನೇನು?” ಎಂದ ರಾಘಣ್ಣ. ನಿವೃತ್ತ ಬಸ್ ಡ್ರೈವರ್ ಹೇಮಪ್ಪ, “ನರಗುಂದದ ರಸ್ತಾದಾಗ ಕ್ಲಚ್ ತುಳಿದು ತುಳಿದು ಮೊಣಕಾಲು ಟೊಂಯ್ಯ ಅಂತಿತ್ತು. ಒಂದ ದಿನ ರಜಾ ಹಾಕಿಲ್ಲ” ಎಂದ. ಮೋದಿನಸಾಬನಂತೂ ಮಗನ ಬೆನ್ನು ತಟ್ಟಿ, “ನಮ್ಮ ಮನಿತನದಾಗ ಮೈನೋವು ಅಂತ ಮಲಗಿದವರ ಇಲ್ಲ” ಎಂದುಬಿಟ್ಟ.

ಕೊನೆಗೆ ರಾಘಣ್ಣ ಎದ್ದು ನಿಂತು ಘೋಷಣೆ ಮಾಡಿದ. “ಲೇ ಜಾವೀದ, ಫೈನಲ್ ಆಡಿದಿ ಅಂದ್ರ ನೀ ಇರೂತನಕ ನನ್ನ ಖಾನಾವಳ್ಯಾಗ ಊಟ ಫುಕಟ. ಆಡಲಿಲ್ಲ ಅಂದ್ರ ನನ್ನ ಮೆಟ್ಟಿಲ ತುಳೀಬ್ಯಾಡ ಮತ್ತ!”

“ಆಡ್ತೀನಿ ಕಾಕಾ” ಎಂದ ಜಾವೀದ, ನಿಂತುಕೊಂಡೇ. ಅವನು ಯಾಕೆ ಯಾವಾಗಲೂ ನಿಂತೇ ಇರುತ್ತಾನೆ ಎಂದು ಯಾರೂ ಕೇಳಲಿಲ್ಲ. ಆಟಗಾರರು ಹಾಗೇ ಇರಬಹುದು ಅಂದುಕೊಂಡರು.

ಆದರೆ ಎದುರು ಕಟ್ಟೆಯ ಕಳಕವ್ವನ ಕಣ್ಣು ತಪ್ಪಿಸಿದವರುಂಟೇ? ಮೊಸರು ಮಾರುವ ಈ ಹೆಂಗಸು ದಿನಾ ಬೆಳಿಗ್ಗೆ ಜಾವೀದ ಅಕ್ಕೋರ ಮನೆಗೆ ಹೋಗುವುದನ್ನೂ ಬರುವುದನ್ನೂ ನೋಡಿದಳು. ನೋಡಿ, ತನ್ನದೇ ಒಂದು ತೀರ್ಮಾನಕ್ಕೆ ಬಂದಳು.

“ಹೋಗೋವಾಗ ಹುಡುಗನ ಮಾರಿ ಹಿಂಡಿದ ನಿಂಬಿಹಣ್ಣು ಆಗಿರ್ತೈತಿ. ಬರೋವಾಗ ನೋಡಬೇಕು ನೀವು, ಹುಣ್ಣಿವಿ ಚಂದ್ರ! ಅಕ್ಕೋರು ಏನೋ ಔಷಧ ಕೊಡಾಕತ್ತಾರ. ಸೈನ್ಸ್ ಕಲಿತವರು. ಗೊತ್ತಿದ್ರೂ ಇಷ್ಟು ದಿನ ನಮಗ ಹೇಳಿಲ್ಲ ನೋಡ್ರಿ.”

ಮೊಸರಿನ ಜೊತೆ ಸುದ್ದಿ ಮನೆಮನೆಗೂ ಹಂಚಿಕೆಯಾಯಿತು.

ಶುಕ್ರವಾರ ಬೆಳಿಗ್ಗೆ ಅಕ್ಕೋರು ಬಾಗಿಲು ತೆರೆದರೆ ಪಡಸಾಲೆಯಲ್ಲಿ ಜನ. ರಾಘಣ್ಣ, ಹೇಮಪ್ಪ, ಕಳಕವ್ವ, ಇನ್ನೂ ಮೂರ್ನಾಲ್ಕು ಮಂದಿ, ಒಳಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು.

“ಜಾವೀದಗ ಕೊಟ್ಟದ್ದನ್ನ ನಮಗೂ ಸ್ವಲ್ಪ ಕೊಡ್ರಿ ಅಕ್ಕೋರ” ಎಂದ ರಾಘಣ್ಣ.

“ನನ್ನ ಹತ್ರ ಯಾವ ಔಷಧಾನೂ ಇಲ್ಲೋ, ಮಾರಾಯ.”

“ನೋಡ್ದ್ಯಾ?” ಎಂದಳು ಕಳಕವ್ವ. “ಇಲ್ಲ ಅಂತಾರಂದ್ರ ಭಾಳ ಚಲೋ ಔಷಧನ ಇರಬೇಕು.”

“ನನಗಲ್ರಿ ಮತ್ತ” ಎಂದು ರಾಘಣ್ಣ ಮೊದಲೇ ಸ್ಪಷ್ಟಪಡಿಸಿದ. “ನಮ್ಮ ಪೈಕಿ ಒಬ್ಬಾವ ಅದಾನ. ಅವನ ಬಲಗೈ ಭುಜದ ಮ್ಯಾಲೆ ಏಳಂಗಿಲ್ಲ. ಅಂಗಿ ತೊಡಸಾಕ ಹೇಂತಿ ಬೇಕು. ತಲಿ ಬಾಚಾಕೂ ಹೇಂತಿ ಬೇಕು.” ಇಷ್ಟು ಹೇಳುವಾಗ ಅವನು ಎಡಗೈಯಿಂದ ಬಲ ಭುಜ ನೀವಿಕೊಳ್ಳುತ್ತಿದ್ದ. ಅವನ ಬೈತಲೆ ನೇರವಾಗಿ, ಅಚ್ಚುಕಟ್ಟಾಗಿತ್ತು. ಗಂಡಸಿನ ಕೈಕೆಲಸವಲ್ಲ ಎಂಬುದು ಅಕ್ಕೋರಿಗೆ ಆಗ ಹೊಳೆಯಿತು.

ಹೇಮಪ್ಪನೂ ಒಬ್ಬ ಗೆಳೆಯನ ಪರವಾಗಿ ಬಂದಿದ್ದ. ಆ ಗೆಳೆಯನಿಗೆ ಕ್ಲಚ್ ಕಾಲು ಸೆಟೆದುಕೊಂಡರೆ ದಿಂಬು ಕಚ್ಚಿಕೊಂಡು ಅಳಬೇಕಾಗುತ್ತದಂತೆ. ಅಕ್ಕೋರು ಯಾರ ಗೆಳೆಯನ ಹೆಸರನ್ನೂ ಕೇಳಲಿಲ್ಲ. ಎಲ್ಲರಿಗೂ ಚಹಾ ಮಾಡಿ ಕೊಟ್ಟರು. ರಾಘಣ್ಣನಿಗೆ ಮಾತ್ರ ಕಪ್ಪನ್ನು ಅವನ ಎಡಗೈಗೆ ಕೊಟ್ಟರು.

ಕೊನೆಗೆ, ಟೋಪಿ ಸರಿಮಾಡಿಕೊಳ್ಳುತ್ತ, ಮೋದಿನಸಾಬ ಬಂದ. ಇಷ್ಟು ಜನರನ್ನು ನೋಡಿ ಹಿಂದೆ ಹೆಜ್ಜೆ ಇಟ್ಟವನು, ಎಲ್ಲರೂ ಗೋಡೆ ನೋಡಿದ್ದರಿಂದ ಧೈರ್ಯ ಮಾಡಿ ಅಕ್ಕೋರ ಹತ್ತಿರ ಕುಸಿದು ಕೂತ.

“ನನಗ ಸುಳ್ಳು ಹೇಳಾಕ ಬರಂಗಿಲ್ರಿ ಅಕ್ಕೋರ. ನನಗ ಬೇಕಾಗಿತ್ತು. ಗಾದಿ ಮ್ಯಾಲೆ ಬಗ್ಗಿ ಸೂಜಿ ಹಾಕಿದ್ನಿ ಅಂದ್ರ ಮತ್ತ ಸೊಂಟ ಏಳಂಗಿಲ್ಲ. ಹೇಂತಿ ಜಹೀದಾ ಕದ್ದು ಅರ್ಧ ಕೆಲಸ ಮಾಡಿಕೊಡ್ತಾಳ. ಜಾವೀದಗ ಹೇಳಬ್ಯಾಡ್ರಿ. ಆಟ ಬಿಟ್ಟು ಬಂದು ನನ್ನ ಸೂಜಿ ಹಿಡೀತಾನ.”

ಜಾವೀದ ಆಗಲೇ ಅಂಗಳದಲ್ಲಿ ನಿಂತಿದ್ದ.

ಅವನ ಮುಖ ನಿಂಬೆಹಣ್ಣಿನ ಹಂತವನ್ನೂ ದಾಟಿತ್ತು. ಹಿಂದಿನ ರಾತ್ರಿ ತಾಯಿ ಜಹೀದಾ ಮಗ ಗೋವಾಕ್ಕೆ ಹೋಗುತ್ತಾನೆಂದು ಭರ್ಜರಿ ಖಾರದ ಊಟ ಹಾಕಿದ್ದಳು. ಅಪ್ಪನ ಮಾತು ಅವನ ಕಿವಿಗೆ ಬಿದ್ದಿತ್ತು, ಅದು ಅವನ ಕಣ್ಣಿನಲ್ಲಿ ಕಾಣುತ್ತಿತ್ತು. ಆದರೆ ಕೆಲವು ಸಂಗತಿಗಳು ಅಪ್ಪನ ಸೊಂಟಕ್ಕಾಗಿಯೂ ಕಾಯುವುದಿಲ್ಲ.

“ದಾರಿ ಬಿಡ್ರಿ” ಎಂದ.

“ಪಾಳಿ ಐತಪಾ” ಎಂದಳು ಕಳಕವ್ವ. “ದಿನಾ ನೀನ ಕುಡೀತಿ. ಇವತ್ತ ನಾವು ಕುಡೀತೀವಿ.”

“ಕುಡಿಯೋದಲ್ಲ ಕಳಕವ್ವಾ! ಸಂಡಾಸ! ನಾ ದಿನಾ ಬರೋದು ಸಂಡಾಸಕ್ಕ! ನನ್ನ ಕಾಲು ಮಡಚಂಗಿಲ್ಲ, ಮನ್ಯಾಗ ಕುಂದ್ರಾಕ ಬರಂಗಿಲ್ಲ! ಇನ್ನಾದ್ರೂ ಏಳ್ರಿ!”

ಎಲ್ಲರೂ ಒಮ್ಮೆಲೇ ಏಳಲು ಹೋದರು. ಒಬ್ಬರಿಗೂ ಆಗಲಿಲ್ಲ. ಹೇಮಪ್ಪ ಅರ್ಧ ಎದ್ದು, ಕ್ಲಚ್ ಕಾಲು ಸೆಟೆದು, ರಾಘಣ್ಣನ ಭುಜ ಹಿಡಿದ. ರಾಘಣ್ಣ “ಯವ್ವಾ!” ಎಂದು ಕಿರುಚಿ ಕಳಕವ್ವನ ಮೇಲೆ ವಾಲಿದ. ಕಳಕವ್ವ ಬೈಯಲು ಬಾಯಿ ತೆರೆದಳು, ಸೊಂಟ ಹಿಡಿದು ಹಾಗೇ ಉಳಿದಳು. ಮೋದಿನಸಾಬ ನಾಲ್ಕೂ ಕೈಕಾಲ ಮೇಲೆ ನಿಂತು, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ, ಮಗನ ಕಾಲಿನ ಹತ್ತಿರ ಸಿಕ್ಕಿಕೊಂಡಿದ್ದ. ಮೈನೋವಿಗೆ ಎಂದೂ ಜಗ್ಗದ ಗಜೇಂದ್ರಗಡದ ವೀರರೆಲ್ಲ ಒಂದು ಬಾಗಿಲು ಬಿಟ್ಟುಕೊಡಲಾರದೆ ಒದ್ದಾಡಿದರು.

“ತಮ್ಮಾ, ಹಿತ್ತಲ ಕಡಿಯಿಂದ ಬಾ!” ಎಂದರು ಅಕ್ಕೋರು. ಆಗ ಎಲ್ಲರಿಗೂ ಹಿತ್ತಲ ಬಾಗಿಲಿನ ನೆನಪಾಯಿತು. ಜಾವೀದ ಮನೆ ಸುತ್ತಿ ಓಡಿದ. ಓಟವೂ ಅಲ್ಲ, ನಡಿಗೆಯೂ ಅಲ್ಲ, ಒಂದು ಕಾಲು ಎಳೆದುಕೊಂಡ ಓಟ. ಓಣಿ ಅದನ್ನು ಮೊದಲ ಸಲ ನೋಡಿತು. ಅಕ್ಕೋರು ರೇಡಿಯೋ ಹಚ್ಚಿದರು.

ಅವನು ಹೊರಗೆ ಬರುವ ಹೊತ್ತಿಗೆ ಇವರೆಲ್ಲ ಗೋಡೆ, ಕಂಬ, ಒಬ್ಬರನ್ನೊಬ್ಬರು ಹಿಡಿದು ಹೇಗೋ ಎದ್ದು ನಿಂತಿದ್ದರು. ಯಾರೂ ನಗಲಿಲ್ಲ. ಮೋದಿನಸಾಬ ತೋಳಿಗೆ ಅಂಟಿದ ಅರಳೆಯ ಎಳೆಯನ್ನು ಬಿಡಿಸುತ್ತಲೇ ಇದ್ದ.

“ಅಪ್ಪಾ” ಎಂದ ಜಾವೀದ, “ಮಲಗಿದವರ ಇಲ್ಲ ಅಂದಿ. ನೆಟ್ಟಗ ಎದ್ದವರಾದ್ರೂ ಅದಾರೇನು ನಮ್ಮ ಮನಿತನದಾಗ?”

ಮೋದಿನಸಾಬ ಕೈ ಚಾಚಿ ಮಗನ ಬಲ ಮೊಣಕಾಲನ್ನು, ಗಾದಿಯಲ್ಲಿ ಗಂಟು ಹುಡುಕುವ ಹಾಗೆ, ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದ. ಊದಿದ ಜಾಗ ಸಿಕ್ಕಿತು. ಬೆರಳು ಅಲ್ಲೇ ನಿಂತಿತು.

“ಕ್ಲಬ್ಬಿಗೆ ಫೋನ್ ಮಾಡು” ಎಂದ.

ಜಾವೀದ ಅಲ್ಲೇ ಕಂಬಕ್ಕೆ ಒರಗಿ ಡಾಕ್ಟರಿಗೆ ಫೋನ್ ಮಾಡಿದ, ಆಮೇಲೆ ಕೋಚಿಗೆ. ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಇವನು ಹಿಂದಿಯಲ್ಲಿ ಹೇಳಿದ್ದು ಒಂದೇ: ಮೊಣಕಾಲು ನನ್ನದು ಅಂತ ನೀವೇ ಹೇಳಿದ್ದಿರಿ ಸರ್, ಅದಕ್ಕೇ ಹೇಳುತ್ತಿದ್ದೇನೆ, ಆಡುವುದಿಲ್ಲ. ಅವನು ಫೋನಿಟ್ಟ ಮೇಲೆ ಕಳಕವ್ವ ತನ್ನ ಕುಡಿಯದ ಚಹಾವನ್ನು ಅವನ ಕೈಗೆ ಕೊಟ್ಟಳು.

ಆಪರೇಷನ್ ಆಗಬೇಕು, ಮತ್ತೆ ಆಡಲು ಮುಂದಿನ ಮಳೆಗಾಲ ದಾಟಬೇಕು ಎಂದಿದ್ದರು ಡಾಕ್ಟರು. ಕರಾರಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಭಾನುವಾರ ಸಂಜೆ ಪರದೆಯನ್ನು ಕಟ್ಟಿಯೇ ಕಟ್ಟಿದರು. ಬ್ಯಾನರಿನಲ್ಲಿ ಹುಲಿ ಇತ್ತು, ಜಾವೀದನೂ ಇದ್ದ, ಪಂದ್ಯದಲ್ಲಿ ಮಾತ್ರ ಇರಲಿಲ್ಲ. ಊಟದ ತಟ್ಟೆ ಹಿಡಿದು ಓಣಿಯವರೆಲ್ಲ ತಾಡಪತ್ರಿಯ ಮೇಲೆ ಕೂತಿದ್ದರು. ಅಕ್ಕೋರಿಗೆ ಕುರ್ಚಿ ಹಾಕಿದ್ದರು. ಆಟ ಮುಗಿಯುವ ಹೊತ್ತಿಗೆ ಎದುರಾಳಿಗಳು ಬಲಗಡೆಯಿಂದ, ಜಾವೀದ ನಿಲ್ಲುತ್ತಿದ್ದ ಜಾಗದಿಂದಲೇ ನುಗ್ಗಿ ಗೋಲು ಹೊಡೆದರು. ಜನ ಆ ಜಾಗದಲ್ಲಿ ನಿಂತಿದ್ದ ಹುಡುಗನ ಏಳು ತಲೆಮಾರನ್ನು ಜಾಲಾಡಿದರು. “ಇಂವ ಇದ್ದಿದ್ರ...” ಎಂದು ಶುರುಮಾಡಿದ ಒಬ್ಬನನ್ನು ಹೇಮಪ್ಪ, “ನಿನ್ನ ಮೊಣಕಾಲು ಚಲೋ ಐತಲ್ಲ? ಹೋಗು ಗೋವಾಕ್ಕ” ಎಂದು ಬಾಯಿ ಮುಚ್ಚಿಸಿದ.

ಜಾವೀದ ರಾಘಣ್ಣನ ಮೆಟ್ಟಿಲು ತುಳಿದಿರಲಿಲ್ಲ. ಖಾನಾವಳಿಯ ಹೊರಗೆ, ಲೈಟಿನ ಕಂಬಕ್ಕೆ ಆನಿಕೊಂಡು ನಿಂತೇ ಪಂದ್ಯ ನೋಡುತ್ತಿದ್ದ. ಮೋದಿನಸಾಬ ಯಾವಾಗಲೋ ಎದ್ದುಹೋಗಿ, ಒಂದು ಖಾಲಿ ಎಣ್ಣೆ ಡಬ್ಬಿ ತಂದು, ಅದರ ಮೇಲೆ ಹೊಸ ಗಾದಿಯೊಂದನ್ನು ಎತ್ತರಕ್ಕೆ ಮಡಚಿ ಇಟ್ಟು, ಮಗನ ಹಿಂದೆ ಸರಿಸಿ ಬಂದಿದ್ದ. ಜಾವೀದ ಅದರ ಮೇಲೆ ಬಲಗಾಲು ಚಾಚಿ ಕೂತ.

ಪಂದ್ಯ ಮುಗಿಯಿತು. ಪರದೆ ಬೆಳ್ಳಗಾಯಿತು. ರಾಘಣ್ಣ ಒಳಗಿನಿಂದ ಬಂದ. ಅಕ್ಕೋರು ಕುರ್ಚಿಯಿಂದ ನೋಡುತ್ತಿದ್ದರು. ಎಡಗೈಯಲ್ಲಿ ತಟ್ಟೆ: ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಅಂಚಿನಲ್ಲಿ ಗಟ್ಟಿ ಮೊಸರು. ಅವನು ತನ್ನದೇ ಮೆಟ್ಟಿಲು ಇಳಿದು, ಜನರ ನಡುವೆ ದಾರಿ ಮಾಡಿಕೊಂಡು, ಕಂಬದ ಹತ್ತಿರ ಹೋದ. ತಟ್ಟೆಯನ್ನು ಜಾವೀದನ ಕೈಗೆ ಕೊಟ್ಟ.