ಕಾಲರು ಮುಟ್ಟಿದ ಕೂದಲು

ಕತ್ತಿನ ಹಿಂದೆ ಏನೋ ಕಚಗುಳಿ, ಸೊಳ್ಳೆಯಲ್ಲ, ಶಾಲಿನ ನೂಲಲ್ಲ, ನನ್ನದೇ ಕೂದಲು, ನಾಲ್ಕು ತಿಂಗಳಿನದು, ಕ್ಷೌರದವನ ಕೂದಲೇ ಕಾಲರು ಮುಟ್ಟುವುದೆಂದರೆ ನಾಚಿಕೆಗೇಡು, ಎಲ್ಲಾದ್ರೂ ಹೋಗಿ ತಲೆ ಕೊಟ್ಟು ಬರಬಾರ್ದಾ ಕಾರ್ಮೈನ್ ಎಂದು ಈ ಬೆಳಿಗ್ಗೆಯೂ ರೊಸಾಲಿಯ ಗೊಣಗಾಟ, ಕಟ್ಟಿಕೊಂಡ ಹೆಂಡತಿಗೂ ಇದು ಅರ್ಥವಾಗದು, ಇಪ್ಪತ್ತಾರು ವರ್ಷ ಈ ತಲೆಗೆ ಅಂಗಡಿಯ ಪಾಲುದಾರ ಜಿಗ್ಗಿಯ ಕತ್ತರಿ ಬಿಟ್ಟು ಬೇರೊಂದು ಸೋಕಿಲ್ಲ, ತಿಂಗಳ ಮೊದಲ ಸೋಮವಾರ, ಅಂಗಡಿಗೆ ಒಳಗಿನಿಂದ ಚಿಲಕ, ಮೊದಲು ಅವನು ನನ್ನ ಕುರ್ಚಿಯಲ್ಲಿ, ಆಮೇಲೆ ನಾನು ಅವನದರಲ್ಲಿ — ಈಗ ಕೂತು ಕಾಯುತ್ತಿರುವ ಈ ವಕೀಲರ ಕೋಣೆಯ ಕುರ್ಚಿಯೋ ತಿರುಗುವುದೂ ಇಲ್ಲ, ಒರಗುವುದೂ ಇಲ್ಲ, ಕಿಟಕಿಯಾಚೆ ಈರಿ ಸರೋವರ ಇನ್ನೂ ಹೆಪ್ಪುಗಟ್ಟಿಯೇ ಇದೆ. ಪಾಲುದಾರಿಕೆ ಪತ್ರದಲ್ಲಿ ಆ ಸಾಲು ಬರೆಸಿದ್ದು ಜಿಗ್ಗಿಯೇ, ಜಗಳ ಬಂದರೆ ಕೋರ್ಟು ಬೇಡ, ಇಬ್ಬರೂ ಒಪ್ಪಿದ ಮಧ್ಯಸ್ಥರ ಮಾತೇ ಕೊನೆ, ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ ಕಣೋ ಎಂದು ನಕ್ಕಿದ್ದ, ಆಗ ನಮಗೆ ಜಗಳವೆಂದರೆ ರೇಡಿಯೋದಲ್ಲಿ ಬೇಸ್‌ಬಾಲೋ ಪೋಲ್ಕಾ ಕುಣಿತದ ಹಾಡೋ ಎಂಬಷ್ಟೇ. ನವೆಂಬರಿನಲ್ಲಿ ಚರ್ಚಿನ ಫಾದರ್ ಡುನಿಗನ್ನರ ಗಲ್ಲದ ಮೇಲೆ ಜಿಗ್ಗಿಯ ಕ್ಷೌರದ ಕತ್ತಿ ನಡುಗಿತು, ರಕ್ತವೇನೂ ಬರಲಿಲ್ಲ, ಜನ ತುಂಬಿದ ಅಂಗಡಿಯಲ್ಲಿ ನಾನೇ ಅಂದುಬಿಟ್ಟೆ, ಕತ್ತಿ ಕೆಳಗಿಡೋ, ಯಾರನ್ನಾದ್ರೂ ಕೊಂದೀಯ — ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು — ಏಪ್ರನ್ ಬಿಚ್ಚಿ ಮಡಚಿಟ್ಟು ಹೋದ, ವಾರಕ್ಕೆ ಅವನ ಕಾಗದ ಬಂತು, ಅಂಗಡಿ ನಡುವೆ ಗೋಡೆ ಎಬ್ಬಿಸಿ ನನ್ನ ಅರ್ಧ ನನಗೆ ಬಿಡು ಎಂದು, ಅಂದಿನಿಂದ ಅಂಗಡಿಗೆ ಬೀಗ. ಆಮೇಲೆ ಐದು ಮಧ್ಯಸ್ಥಿಕೆ ವಕೀಲರ ಪಟ್ಟಿ, ಫೋಟೋ ಸಮೇತ, ಸರದಿಯಲ್ಲಿ ಇಬ್ಬರೂ ಎರಡೆರಡು ಹೆಸರು ಹೊಡೆದುಹಾಕಿ, ಉಳಿದವರೇ ನ್ಯಾಯ ಹೇಳುವವರು, ಟೋಪನ್ ಇಟ್ಟವನನ್ನು ನಾನು ಹೊಡೆದೆ, ಸ್ವಂತ ತಲೆಯ ವಿಷಯದಲ್ಲೇ ಸುಳ್ಳು ಹೇಳುವವನು, ಕೂದಲಿಗೆ ಬಣ್ಣ ಬಳಿದುಕೊಂಡವನನ್ನೂ ಹೊಡೆಯೋಣವೆಂದರೆ ಜಿಗ್ಗಿ ಆಗಲೇ ಹೊಡೆದಿದ್ದ, ನಗು ಬಂತು, ಹೇಳಿಕೊಳ್ಳಲು ಪಕ್ಕದಲ್ಲಿ ಅವನಿಲ್ಲ. ಉಳಿದವರು ಈ ಕೋಣೆಯ ಹಚಿನ್ಸ್ ಮೇಡಂ, ಇದ್ದ ನರೆಯನ್ನು ಇದ್ದ ಹಾಗೇ ಬಿಟ್ಟವರು.

ಬಾಗಿಲು — ಅವನೇ, ನನ್ನತ್ತ ನೋಡಲಿಲ್ಲ, ಮುಂದಿನ ಕುರ್ಚಿಯಲ್ಲಿ ಬೆನ್ನು ಹಾಕಿ ಕೂತ, ಟೋಪಿ ತೆಗೆದ, ಅಯ್ಯೋ, ಕಾಲರಿನ ಮೇಲೆ ಕೂದಲು, ಬಿಳಿ ಸುರುಳಿ, ಎರಡು ಬೆರಳು ಉದ್ದ, ಊರಲ್ಲಿ ಅಷ್ಟೊಂದು ಅಂಗಡಿಗಳಿದ್ದೂ ಅವನೂ ಎಲ್ಲಿಗೂ ಹೋಗಿಲ್ಲ, ಎಡಗಿವಿಯ ಹಿಂದೆ ಅವನಿಗೊಂದು ಸುಳಿ, ಅಲ್ಲಿ ಕತ್ತರಿ ಅಡ್ಡ ಹಿಡಿಯಬೇಕು, ನನಗಲ್ಲದೆ ಇನ್ಯಾರಿಗೆ ಗೊತ್ತು — ಮೇಡಂ ಬಂದರು, ಫೈಲು ಬಿಚ್ಚಿದರು, ನನ್ನತ್ತ ನೋಡಿದರು, ಮೊದಲು ನೀವು ಹೇಳಿ, ನಿಮಗೇನು ಬೇಕು — ರೊಸಾಲಿಯ ಮುಂದೆ ಬಾಯಿಪಾಠ ಮಾಡಿಕೊಂಡಿದ್ದೆ, ಗೋಡೆ ಆಗದು, ಅಂಗಡಿ ನನಗಿರಲಿ, ಕತ್ತಿ ಅವನ ಕೈಗೆ ಬೇಡ, ಒಂದೂ ಬರುತ್ತಿಲ್ಲ, ಆ ಕೈ ನಡುಗಿದರೆ ನಡುಗಲಿ, ನನ್ನ ಕಿವಿ ತಾನೇ, ಜಿಗ್ಗಿ, ನಂಗೆ ಕಟಿಂಗ್ ಮಾಡೋ ಮಾರಾಯ — ಅಂದದ್ದು ನಾನೇನಾ, ಬಾಯಿ ಬಿಟ್ಟೇ ಅಂದೆನಾ, ಮೇಡಂ ಪೆನ್ನು ನಿಂತಿದೆ, ಅವನು ತಿರುಗಲಿಲ್ಲ, ಕೈ ಮಾತ್ರ ಮೇಲೆ ಬಂತು, ನಡುಗುತ್ತಾ, ಕತ್ತಿನ ಹಿಂದಕ್ಕೆ ಹೋಯಿತು, ಅಲ್ಲೇ ನಿಂತಿದೆ, ಬೆರಳುಗಳ ನಡುವೆ ಕೂದಲು, ಕಾಲರಿನ ಮೇಲೆ ಕೂದಲು, ಕಾಲರಿನ ಮೇಲೆ ಆ ಕೂದಲು