ಟಕಟಕ ಹಿಮ್ಮೇಳ

ನಾ ಮೊದಲಿಂದನೂ ಸಪ್ಪಳಕ್ಕ ಸಿಡುಕೋ ಮನಶ್ಯಾ. ಜಮಖಂಡ್ಯಾಗ ನಂದೊಂದು ಝೆರಾಕ್ಸ್, ಟೈಪಿಂಗ್ ಅಂಗಡಿ ಐತಿ. ದಿನಾ ಪೂರ್ತಿ ಮಷಿನ್ ಗುಂಯ್‌ಗುಟ್ಟೋದು ಕೇಳಿ ತಲಿ ಚಿಟ್ಟ ಹಿಡಿದಿರತೈತಿ. ಅದಕ್ಕ ಹೊಸ ಕೀಬೋರ್ಡ್ ತರೂಣು ಅಂದಾಗ ನಂದು ಒಂದ ಮಾತು: ಸಣ್ಣದಿರಬೇಕು, ವೈರ್ ಇರಬಾರದು, ಬಾಯಿ ಮುಚಗೊಂಡಿರಬೇಕು.

ಕೀಬೋರ್ಡ್ ಬೇಕಾಗಿದ್ದು ನಮ್ಮ ಮಾವನ, ಅಂದ್ರ ಹೆಂಡತಿ ಅಪ್ಪನ ಸಲುವಾಗಿ. ಅಮಸಿದ್ದಪ್ಪ ಅಂದ್ರ ಬೀಳಗಿ ಕಡೆ ಡೊಳ್ಳಿನ ಪದದವರಿಗೆಲ್ಲಾ ಗೊತ್ತು. ಬೀರೇಶ್ವರನ ಒಂದು ದೊಡ್ಡ ಪದ ಅಜ್ಜನ ಕಾಲದಿಂದ ಅವರ ಮನ್ಯಾಗ ಬಂದೈತಿ. ಬರದಿಟ್ಟದ್ದು ಎಲ್ಲೂ ಇಲ್ಲ, ಎಲ್ಲಾ ಅವರ ಬಾಯಾಗ. ಈಗ ಅವರ ಗಂಟಲಾಗ ಗಡ್ಡಿ ಆಗಿತ್ತು. ಮುಂದಿನ ಸೋಮವಾರ ಆಪರೇಶನ್ ಅಂದ್ರು ಡಾಕ್ಟರು. ಜೀವಕ್ಕ ಧಕ್ಕಿ ಇಲ್ಲ, ಧ್ವನಿ ಮಾತ್ರ ಉಳಿಯಂಗಿಲ್ಲ ಅಂದ್ರು. ನಮ್ಮ ಕೈಯಾಗ ಎಂಟ ದಿನ ಇದ್ದುವು.

ಮೊಬೈಲ್‌ನ್ಯಾಗ ರೆಕಾರ್ಡ್ ಮಾಡಿ ನೋಡಿದೆ. ಧ್ವನಿ ಒಡೆದಿತ್ತು, ಅರ್ಧಾ ಮಾತು ಖುದ್ದ ಮಾವಗ ತಿಳೀಲಿಲ್ಲ. ಎದುರು ಕುಂತು, ಬಾಯಿ ನೋಡಿ ಬರಕೊಳ್ಳೋದೊಂದ ದಾರಿ. ಪೆನ್ನಿಲೆ ಅವಸರದಾಗ ಬರದದ್ದು ನನಗ ಓದಾಕ ಬರಂಗಿಲ್ಲ. ಮೊಬೈಲ್ ಗಾಜಿನ ಮ್ಯಾಲೆ ಹೆಬ್ಬಟ್ಟಿಲೆ ಒತ್ತಕೋತ ಒಂದು ನುಡಿ ಮುಗಸೂದ್ರಾಗ ಅವರು ಮೂರು ದಾಟತಿದ್ರು. ನಿಲ್ರಿ ಅನ್ನಂಗಿಲ್ಲ. ಆ ಪದ ಎತ್ತಿದ ಮ್ಯಾಲೆ ದಿನದ ಪಾಲು ಮುಗಿಯೂತನಕ ನಡಕ ಮಾತಾಡಬಾರದು, ಅದು ಅವರ ಮನಿ ನೇಮ. ಕಣ್ಣು ಮುಚ್ಚಿ, ಕಿವಿಗೆ ಕೈ ಹಚ್ಚಿ ಹಾಡೋರಿಗೆ ಕೈಸನ್ನಿ ಮಾಡಿದ್ರೂ ಕಾಣಂಗಿಲ್ಲ.

ಪರಮಾನಂದನ ಕಂಪ್ಯೂಟರ್ ಅಂಗಡಿಗೆ ನಾನೂ ನನ್ನ ಹೆಂಡತಿ ವೈಶಾಲಿನೂ ಹೋದ್ವಿ. ಅಂವ ಎರಡು ಮುಂದಿಟ್ಟ. ಎರಡೂ ಒಂದೂವರಿ ಗೇಣು ಉದ್ದ, ಬಾಜೂಕ ಅಂಕಿ ಗುಂಡಿ ಇಲ್ಲ, ಮೊಬೈಲ್‌ಗೆ ತಾವ ಜೋಡಣಿ ಆಗತಾವು. ಎರಡೂ ಮೆಕ್ಯಾನಿಕಲ್, ಒಂದೊಂದು ಗುಂಡಿಗೂ ಬ್ಯಾರೆ ಬ್ಯಾರೆ ಸ್ಪ್ರಿಂಗ್. ಒಂದು ಮೆತ್ತಗ ಒತ್ತಿಕೋತೈತಿ, ಇನ್ನೊಂದು ಒತ್ತಿದಾಗೊಮ್ಮೆ ಟಕ್ ಅಂತೈತಿ. ನಾ ಮೆತ್ತಂದು ಕೈಯಾಗ ಹಿಡದೆ. ವೈಶಾಲಿ ಕಣ್ಣು ಮುಚಗೊಂಡು ಎರಡನ್ನೂ ಒಂದೆರಡು ಸಲ ಒತ್ತಿ ನೋಡಿ, ಸಪ್ಪಳದ್ದ ಇರಲಿ ಅಂದ್ಳು. ನನಗ ಸಿಟ್ಟು ನೆತ್ತಿಗೇರಿತು. ನಿಮ್ಮಪ್ಪನ ಗಂಟಲ ಮೊದಲ ಒಡದೈತಿ, ಅವರ ಮುಂದ ಬನಹಟ್ಟಿ ಮಗ್ಗದಂಗ ಸಪ್ಪಳ ಹಚ್ಚಾಕ ಹೊಂಟೀ ಏನು ಅಂದೆ. ಆಕಿ ಅದನ್ನ ಚೀಲದಾಗ ಹಾಕ್ಕೊಂಡು ಹೊಂಟ ಬಿಟ್ಳು. ಬೀಳಗಿ ಮುಟ್ಟೂತನಕ ಬಸ್ಸಿನ್ಯಾಗ ನಾ ಗೊಣಗಿದ್ದೇ ಗೊಣಗಿದ್ದು. ಆಕಿ ಕಿಡಕ್ಯಾಗ ಕಬ್ಬು ನೋಡಕೋತ ಕುಂತಿದ್ಳು.

ಮರುದಿನ ಮುಂಜಾನೆ ಕಟ್ಟಿ ಮ್ಯಾಲೆ ಕುಂತ್ವಿ. ಮೊಬೈಲ್ ತಂಬಿಗಿಗೆ ಆನಿಸಿದೆ. ಮಾವ ಪದ ಎತ್ತಿದ್ರು. ಮೊದಲನೇ ನುಡಿ ಮುಗೀತು, ನಾ ಟಕಟಕ ಸುರು ಮಾಡಿದೆ. ಇನ್ನ ಮುಂದ ಓಡತಾರ ಅಂತ ಅವಸರಲೆ ಒತ್ತಾಕತ್ತಿದ್ದೆ. ಅವರು ಓಡಲಿಲ್ಲ. ಕಿವಿ ಮ್ಯಾಲಿನ ಕೈ ಹಂಗ ಇತ್ತು, ಬಾಯಿ ಮುಚ್ಚಿತ್ತು. ಗುಂಡಿ ಒತ್ತೋ ನನ್ನ ಕೈಬಳ್ಳು ನಿಂತ ಕೂಡಲೇ ಎರಡನೇ ನುಡಿ ಎತ್ತಿದ್ರು. ಮೂರನೇದಕ್ಕೂ ಅದ ಆತು.

ಆಗ ನನ್ನ ದಡ್ಡ ತಲಿಗೆ ಹೊಳೀತು. ಡೊಳ್ಳಿನ ಪದದಾಗ ಮುಂದಿನವ್ರು ಒಂದು ನುಡಿ ಹೇಳಿದ್ರ ಹಿಮ್ಮೇಳದವ್ರು ಅದನ್ನ ತಿರುಗಿ ಹೇಳತಾರ. ಅವರದು ಮುಗಿಯೂತನಕ ಮುಂದಿನವ್ರು ಉಸರು ತಗೋತಾರ. ಐವತ್ತು ವರ್ಷದ ರೂಢಿ. ಮಾವ ನನ್ನ ಟಕಟಕ ಸಪ್ಪಳಾನ ಹಿಮ್ಮೇಳ ಅಂತ ತಿಳಕೊಂಡಿದ್ರು. ನಡುವ ಅವರ ಗಂಟಲಕ್ಕೂ ದಣಿವು ಆರತಿತ್ತು.

ವೈಶಾಲಿ ಮೊರದಾಗ ಜ್ವಾಳಾ ಹಸನ ಮಾಡಕೋತ ಕುಂತಿದ್ಳು, ತಲಿ ಎತ್ತಲಿಲ್ಲ, ಮಾರಿ ಮ್ಯಾಲೆ ನಗಿ. ಅವತ್ತಿನ ಪಾಲು ಮುಗಿದ ಮ್ಯಾಲೆ ಕೇಳಿದೆ, "ಮೊದಲ ಹೇಳಾಕ ಏನಾಗಿತ್ತು ನಿನಗ?"

"ಹೇಳಿದ್ರ ನೀವು ಕೇಳತಿದ್ರೇನ್ರಿ?"

ಖರೆ ಹೇಳಬೇಕಂದ್ರ ಕೇಳತಿರಲಿಲ್ಲ. ಶನಿವಾರ ಮಂಗಳ ಹಾಡಿ ಮಾವ ಕಣ್ಣು ತೆರೆದಾಗ ನಾ ಎಲ್ಲಾರ ಮುಂದ ಆಕಿಗೆ ಹೇಳಿದೆ, "ನಿನ್ನಿಂದ ಉಳೀತು ನೋಡು ಈ ಪದ. ನಿನ್ನ ಉಪಕಾರ ನಾ ಮರಿಯಂಗಿಲ್ಲ." ಆಕಿ ಸೆರಗಿಲೆ ಕಣ್ಣು ಒರಸಿಕೊಂಡು ಚಾ ಇಡಾಕ ಒಳಗ ಹೋದ್ಳು.

ಆಪರೇಶನ್ ಛಲೋ ಆತು. ಧ್ವನಿ ಹೋತು.

ಎರಡು ತಿಂಗಳಾದ ಮ್ಯಾಲೆ ಬೀರೇಶ್ವರನ ಗುಡ್ಯಾಗ ವೈಶಾಲಿ ಅಣ್ಣ ಸಂಜು, ನಾ ಅಚ್ಚ ಮಾಡಿಕೊಟ್ಟ ಹಾಳಿ ಹಿಡಕೊಂಡು ಪದಕ್ಕ ನಿಂತ. ಮಾವ ಕೊಳ್ಳಿಗೆ ವಸ್ತ್ರ ಸುತ್ತಿಕೊಂಡು ಮುಂದ ಕುಂತಿದ್ರು. ತಪ್ಪಿದ್ರ ತಿದ್ದಾಕ ಅಂತ ನಾ ಕೀಬೋರ್ಡ್ ಒಯ್ದಿದ್ದೆ. ಮಾವ ನನ್ನ ಕಡೆ ಕೈ ಚಾಚಿ ಅದನ್ನ ಇಸಗೊಂಡು ತೊಡಿ ಮ್ಯಾಲೆ ಇಟ್ಟುಕೊಂಡ್ರು. ಓದು ಬರಹ ಬಾರದ ಮನಶ್ಯಾ. ಸಂಜು ಒಂದು ನುಡಿ ಹೇಳಿದ. ಹಿಮ್ಮೇಳದ ಜೋಡಿ ಮಾವನ ಬಳ್ಳೂ ಟಕಟಕ ಆಡಿದುವು. ನುಡಿ ಮುಗಿದ ಕೂಡಲೇ ನಿಂತುವು.

ನಾಕನೇ ನುಡ್ಯಾಗ ಸಂಜು ಒಂದು ಮಾತು ಬಿಟ್ಟ. ಹಿಮ್ಮೇಳ ಮುಗೀತು, ಮಾವನ ಬಳ್ಳು ನಿಲ್ಲಲಿಲ್ಲ. ಟಕಟಕ, ಟಕಟಕ. ಸಂಜು ಗಾಬರಿಯಾಗಿ ಹಾಳಿ ನೋಡಿಕೊಂಡು, ಬಿಟ್ಟ ಮಾತು ಸೇರಿಸಿ ಅದ ನುಡಿ ತಿರುಗಿ ಹಾಡಿದ.

ಆಮ್ಯಾಲೆ ಮಾವನ ಬಳ್ಳು ನಿಂತುವು.