ಅರ್ತ್ ಬೋಲ್ಟಿನ ನಿಂಬೆಹಣ್ಣು

ಮಧುಗಿರಿಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಅಂದರೆ ರೇಣುಕಪ್ರಸಾದನೇ ಅಂತ ಜನ ಹೇಳುತ್ತಾರೆ. ಹೇಳಲಿ ಬಿಡಿ, ಊರ ಬಾಯಿಗೆ ಬೀಗ ಹಾಕೋರು ಯಾರು! ಆ ಬಿಳಿ ಕಾರಿನ ಮುಂದೆ ಮಾತ್ರ ಅವನ ವಿದ್ಯೆಯೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಗಿತ್ತು. ಹೆಡ್‌ಲೈಟ್ ಹಾಕಿದರೆ ಮಂಕು. ಜೊತೆಗೆ, ಯಾರೂ ಕೇಳದಿದ್ದರೂ, ಕೆಳಗಿನ ಫಾಗ್ ಲೈಟ್ ಮಿಣಮಿಣ ಅನ್ನುವುದು. ಫಾಗ್ ಲೈಟ್ ಒತ್ತಿದರೆ ಎಲ್ಲವೂ ಆರಿ ಕೂರುವುದು. ಬಲ್ಬು ಬದಲಾಯಿಸಿದ, ಫ್ಯೂಸು ಬದಲಾಯಿಸಿದ, ರಿಲೇ ಬದಲಾಯಿಸಿದ. ರಿಪೇರಿಯಾದ ದಿನ ಜೋರಾಗಿ ಉರಿದು, ತಿಂಗಳು ತುಂಬುವುದರೊಳಗೆ ಗಾಡಿ ಮತ್ತೆ ಅಂಗಡಿ ಮುಂದೆ ಬಂದು ನಿಲ್ಲುತ್ತಿತ್ತು.

ಗಾಡಿ ಶ್ರೀಲತಾಳದು. ಬಲಸಮುದ್ರದ ಕಡೆ ಸೋಲಾರ್ ಪಾರ್ಕಿನ ಆಫೀಸಿನಲ್ಲಿ ಕೆಲಸ. ಬೆಳಕು ಹರಿಯೋ ಮುಂಚೆ ಹೊರಟು ಮಿಡಿಗೇಶಿ, ಪಾವಗಡ ದಾಟಿ ಹೋಗಬೇಕು, ಸಂಜೆಗೆ ವಾಪಸು. "ದೇಶಕ್ಕೆಲ್ಲ ಕರೆಂಟ್ ಕೊಡೋರು ನಾವು, ನನ್ನ ಗಾಡಿಗೇ ಕತ್ತಲೆ ನೋಡಿ ಪ್ರಸಾದ್ ಅವ್ರೇ" ಅಂತ ನಗುತ್ತಾ ಇಳಿಯುತ್ತಿದ್ದಳು.

ಈ 'ಪ್ರಸಾದ್ ಅವ್ರೇ' ಅನ್ನೋದೇ ಅವನನ್ನು ಕೆಡಿಸಿದ್ದು. ಮೆಕ್ಯಾನಿಕ್ ಅಂದರೆ ಊರಿಗೆಲ್ಲ ಅಣ್ಣ. ಇವಳು ಮೊದಲ ದಿನದಿಂದ ಒಮ್ಮೆಯೂ ಅಣ್ಣ ಅನ್ನಲಿಲ್ಲ. ನಲವತ್ತೊಂದು ವರ್ಷದ ಗಂಡಸು, ಗ್ರೀಸು ಹತ್ತಿದ ಕೈ ನೋಡಿ ಮೂರು ಸಂಬಂಧ ತಪ್ಪಿಹೋಗಿದ್ದವನು, ಅಷ್ಟಕ್ಕೇ ಸೋತುಬಿಟ್ಟ. ಅವಳಿಗೂ ಮದುವೆಯಾಗಿಲ್ಲ, ಮನೆಯಲ್ಲಿ ತಾಯಿಯೊಬ್ಬರೇ ಇರೋದು ಅನ್ನೋ ಸುದ್ದಿಯನ್ನು ಪಕ್ಕದ ಟೀ ಅಂಗಡಿ ಅಶ್ವತ್ಥಮ್ಮ ಯಾರೂ ಕೇಳದೇನೇ ತಂದು ಸುರಿದಿದ್ದಳು. ಅವನು ವೈರು ಬಿಚ್ಚುವಾಗ ಶ್ರೀಲತಾ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಆ ಅರ್ಧ ಗಂಟೆಗಾಗಿ ಅವನು ತಿಂಗಳೆಲ್ಲ ಕಾಯುತ್ತಿದ್ದ.

ದೀಪಾವಳಿ ಕಳೆದ ವಾರ ಬಂಪರ್ ಬಿಚ್ಚಿ, ಟೆಸ್ಟ್ ಲ್ಯಾಂಪ್ ಹಿಡಿದು ವೈರಿನ ಜಾಡು ಹಿಡಿಯುತ್ತಾ ಹೋದವನು ಒಂದು ಬೋಲ್ಟಿನ ಹತ್ತಿರ ನಿಂತ. ನಾಲ್ಕೂ ದೀಪದ ಕರೆಂಟು ವಾಪಸು ಹೋಗುವ ಅರ್ತ್ ವೈರು ಬಂದು ಸೇರುವುದು ಅದೊಂದೇ ಬೋಲ್ಟಿಗೆ. ಅದರ ತುಂಬ ಹಸಿರು ಕಿಲುಬು. ಅದಕ್ಕೇ ಸುತ್ತಿದ ತಂತಿಯಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ. ಶ್ರೀಲತಾಳ ತಾಯಿ ದೃಷ್ಟಿಗೆ ಅಂತ ಅಮಾವಾಸ್ಯೆಗೊಂದು ಕಟ್ಟುತ್ತಿದ್ದದ್ದು. ಆಫೀಸಿನವರು ನಗುತ್ತಾರೆ ಅಂತ ಮಗಳು ಗೊಣಗಿದ್ದಕ್ಕೆ, ಕಾಣದ ಹಾಗೆ ಕೆಳಗಿನಿಂದ ಕೈ ಹಾಕಿ ಬಂಪರಿನ ಒಳಗೆ ಕಟ್ಟಿದ್ದರು. ಉಪ್ಪು, ಕುಂಕುಮ ಸವರಿದ ಹಣ್ಣಿನ ರಸ ಇಳಿದು ಇಳಿದು ಬೋಲ್ಟನ್ನು ತಿಂದುಹಾಕಿತ್ತು.

ಹಾಗಂತ ಆ ಹಣ್ಣು ಅವನ ಕಣ್ಣಿಗೆ ಬಿದ್ದದ್ದು ಅದೇ ಮೊದಲೇನಲ್ಲ. ಈ ಸೀಮೆಯಲ್ಲಿ ನಿಂಬೆಹಣ್ಣಿಲ್ಲದ ಗಾಡಿ ತೋರಿಸಿ ನೋಡೋಣ! ಪ್ರತಿ ಸಲವೂ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು, ಬೋಲ್ಟು ಉಜ್ಜಿ, ಕೆಲಸ ಮುಗಿದ ಮೇಲೆ ಹಣ್ಣನ್ನು ಕಣ್ಣಿಗೊತ್ತಿಕೊಂಡು ಅದೇ ಜಾಗಕ್ಕೆ ಕಟ್ಟಿದ್ದವನೂ ಅವನೇ. ದೇವರ ಪದಾರ್ಥ, ಎಸೆಯೋಕಾಗುತ್ತಾ? ಆರು ತಿಂಗಳಿಂದ ತಾನೇ ರೋಗ ಕಟ್ಟಿ ತಾನೇ ಮದ್ದು ಕೊಟ್ಟಿದ್ದ.

ಹೇಳೋಣ ಅಂತ ಬಾಯಿ ತೆರೆದ. ಅಷ್ಟರಲ್ಲಿ ಬೆಂಚಿನಿಂದ ಅವಳು, "ಈ ಸಲನಾದ್ರೂ ಮತ್ತೆ ಬರದಂಗೆ ಮಾಡ್ಕೊಡಿ ಪ್ರಸಾದ್ ಅವ್ರೇ" ಅಂದಳು. ಮತ್ತೆ ಬರದಂಗೆ! ದೀಪ ಕೆಡದಿದ್ದರೆ ಅವಳು ಬರುವುದೂ ಇಲ್ಲ. ತೆರೆದ ಬಾಯಿ ಮುಚ್ಚಿದ. ಕಿಲುಬು ಉಜ್ಜಿದ, ಬೋಲ್ಟು ಬಿಗಿದ, ಹಣ್ಣನ್ನು ಅಲ್ಲೇ ಕಟ್ಟಿದ. ಆಸೆ ಅನ್ನೋದು ಎಂಥ ಸಂಭಾವಿತನನ್ನೂ ಕಳ್ಳನನ್ನಾಗಿ ಮಾಡುತ್ತದೆ ನೋಡಿ. ಕಾರ್ತಿಕದ ಅಮಾವಾಸ್ಯೆ ಕಳೆದು ವಾರಕ್ಕೆ ಅವಳು ಬಂದಳು, ಟೀ ಕುಡಿದಳು, ಅವನ ಪಾಲಿಗೆ ಹಬ್ಬವಾಯಿತು.

ಎಳ್ಳಮಾವಾಸ್ಯೆ ಆಗಿ ಐದನೇ ದಿನ ಬಂದಾಗ ಬಂಪರಿನ ಒಂದು ಮಗ್ಗುಲು ಒಳಗೆ ಹೋಗಿತ್ತು. ಅವಳು ನಗಲಿಲ್ಲ.

"ಮಿಡಿಗೇಶಿ ದಾಟಿದ ಮೇಲೆ ವಿಪರೀತ ಮಂಜು. ಲೈಟೆಲ್ಲ ಒಟ್ಟಿಗೇ ಹೋದ್ವು. ಕುರಿ ಹಿಂಡು ಅಡ್ಡ ಬಂದಿದ್ದು ಕಾಣ್ಲೇ ಇಲ್ಲ. ಒಂದು ಕುರಿ ಸತ್ತೋಯ್ತು. ಅದರ ಪಕ್ಕದಲ್ಲೇ ಕುರಿ ಕಾಯೋ ಮುದುಕ ಇದ್ದ, ಪ್ರಸಾದ್ ಅವ್ರೇ. ಒಂದು ಗೇಣು, ಅಷ್ಟೇ." ಗೇಣು ತೋರಿಸಲು ಕೈ ಚಾಚಿದಾಗ ಟೀ ಚೆಲ್ಲಿ ಸೀರೆ ನೆನೆಯಿತು. ಅದು ಅವಳ ಗಮನಕ್ಕೇ ಬರಲಿಲ್ಲ.

ಪ್ರಸಾದ ಮಂಡಿಯೂರಿ ಬಂಪರ್ ಬಿಚ್ಚಿ, ಆ ಹಣ್ಣನ್ನು ತೆಗೆದು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ.

"ಲೈಟ್ ಕೆಡಿಸ್ತಿದ್ದದ್ದು ಇದು ಮೇಡಂ. ಇದರ ರಸಕ್ಕೆ ಬೋಲ್ಟು ಕಿಲುಬು ಹಿಡೀತಿತ್ತು."

"ಅಯ್ಯೋ ರಾಮಾ, ಇದಾ! ಈಗ ಗೊತ್ತಾಯ್ತಾ?"

"ಇಲ್ಲ. ದೀಪಾವಳಿಲೇ ಗೊತ್ತಾಗಿತ್ತು."

ಅವಳು ಲೋಟ ಕೆಳಗಿಟ್ಟಳು. "ಮತ್ಯಾಕೆ ಹೇಳ್ಲಿಲ್ಲ?"

ಸುಳ್ಳು ನಾಲಿಗೆ ತುದಿಯಲ್ಲೇ ಇತ್ತು. ಅದನ್ನು ನುಂಗಿದ. "ಹೇಳ್ಬುಟ್ರೆ ನೀವು ಬರಲ್ಲ ಅಂತ. ನಿಮ್ಮನ್ನ ನೋಡ್ದೆ ಇರಕ್ಕಾಗಲ್ಲ ಅಂತ."

ಅವಳು ಆ ಹಣ್ಣನ್ನೇ ನೋಡಿದಳು. "ಆ ಮುದುಕ ಹೋಗಿದ್ರೆ?" ಅಂದಳು. ಅವನು ಹಣ್ಣನ್ನು ಕೆಳಗಿಟ್ಟು ಸ್ಪ್ಯಾನರ್ ಎತ್ತಿಕೊಂಡ.

ಆ ಸಂಜೆ ಅವನು ಮಾಡಿದಂಥ ಕೆಲಸವನ್ನು ಜೀವಮಾನದಲ್ಲಿ ಮಾಡಿರಲಿಲ್ಲ. ಹಳೇ ಬೋಲ್ಟು ಕಿತ್ತು, ಬೇರೆ ಜಾಗದಲ್ಲಿ ಬಣ್ಣ ಕೆರೆದು ಹೊಸ ಬೋಲ್ಟು ಹಾಕಿ, ದೀಪಕ್ಕೊಂದರಂತೆ ಹೊಸ ಅರ್ತ್ ವೈರು ಎಳೆದು, ಮೇಲೆ ಗ್ರೀಸು ಬಳಿದ. ತಾಯಿಯ ಹಣ್ಣಿಗೆ ಅಂತ ವೈರು ಸುಳಿಯದ ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಕೊಕ್ಕೆಯೊಂದನ್ನೂ ಕೂರಿಸಿದ. ಇನ್ನು ಈ ದೀಪ ಕೆಡಲ್ಲ, ಇವಳು ಬರಲ್ಲ ಅನ್ನೋದು ಒಂದೊಂದು ಸುತ್ತು ಬಿಗಿಯುವಾಗಲೂ ಅವನಿಗೆ ಗೊತ್ತಿತ್ತು. ಅವಳು ಕೀ ಇಸಕೊಂಡು ಹೊರಟಳು. ಪ್ರಸಾದ್ ಅವ್ರೇ ಅನ್ನಲಿಲ್ಲ.

ಪುಷ್ಯದ ಅಮಾವಾಸ್ಯೆ ಬಂತು, ಹೋಯಿತು. ವಾರವಾಯಿತು, ಎರಡು ವಾರವಾಯಿತು. ಸಂಜೆಯಾದರೆ ಅವನು ಬೆಂಚು ಒರೆಸಿಡುವುದು ಬಿಡಲಿಲ್ಲ. ಬಿಳಿ ಕಾರು ಕಂಡಾಗಲೆಲ್ಲ ಕೈಯಲ್ಲಿದ್ದ ಸ್ಪ್ಯಾನರ್ ನಿಲ್ಲುತ್ತಿತ್ತು. ಬೈಪಾಸು ಹಿಡಿದು ಹೋಗುತ್ತಿದ್ದಳೋ ಏನೋ, ಈ ಬೀದಿಗೆ ಬರಲೇ ಇಲ್ಲ. "ಬೆಂಚು ಸವೆದೋಯ್ತದೆ, ಬುಡ್ಲಾ ಪ್ರಸಾದ" ಅಂದಳು ಅಶ್ವತ್ಥಮ್ಮ. ಆಡಿಕೊಂಡದ್ದೇನೋ ಹೌದು, ಆದರೆ ಅವಳ ದನಿಯೂ ಮೆತ್ತಗಾಗಿತ್ತು.

ಒಂದು ಭಾನುವಾರ, ನೆತ್ತಿ ಸುಡುವ ಮಧ್ಯಾಹ್ನ, ಆ ಕಾರು ಬೀದಿಗೆ ಬಂತು. ಹೆಡ್‌ಲೈಟ್ ಎರಡು, ಫಾಗ್ ಲೈಟ್ ಎರಡು, ನಾಲ್ಕೂ ಧಗಧಗ ಉರಿಯುತ್ತಿದ್ದವು. ಹಗಲಲ್ಲಿ ಗಾಡಿಯ ದೀಪ ಉರಿದರೆ ನಮ್ಮ ಜನ ಸುಮ್ಮನಿರುತ್ತಾರಾ? ಬೀದಿಯುದ್ದಕ್ಕೂ ಕೈ ಎತ್ತಿ, ಬೆರಳು ಬಿಚ್ಚಿ ಮುಚ್ಚಿ, ಲೈಟು ಆರಿಸು ಅಂತ ಸನ್ನೆ ಮಾಡಿದ್ದೇ ಮಾಡಿದ್ದು. ಅಶ್ವತ್ಥಮ್ಮನೂ ಲೋಟ ತೊಳೆಯುತ್ತಿದ್ದ ಒದ್ದೆ ಕೈಯನ್ನೇ ಬಿಚ್ಚಿ ಮುಚ್ಚಿ, "ಕೂಗಿ ಹೇಳ್ಲಾ ಪ್ರಸಾದ, ಆ ಯಮ್ಮ ಮರೆತವಳೆ!" ಅಂದಳು.

"ಮರ್ತಿಲ್ಲ ಕಣಮ್ಮ, ನಂಗೆ ಕಾಣ್ಲಿ ಅಂತ ಹಾಕವ್ರೆ" ಅಂದ ಅವನು.

ಅಂಗಡಿ ಮುಂದೆ ಕಾರು ನಿಧಾನವಾಯಿತು, ನಿಲ್ಲಲಿಲ್ಲ. ಅವಳು ಮುಂದೆಯೇ ನೋಡುತ್ತಿದ್ದಳು. ನಾಲ್ಕೂ ದೀಪ ಒಂದೇ ಸಮ, ಒಂದಿಷ್ಟೂ ಮಂಕಿಲ್ಲ. ಅವನೂ ಕೈ ಎತ್ತಿದ. ಬೆರಳು ಮುಚ್ಚಲಿಲ್ಲ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಆ ಕೈಯನ್ನು ಹಾಗೇ ಬಿಚ್ಚಿ ಹಿಡಿದು ನಿಂತಿದ್ದ.